ಡಿಸ್ಕ್ ಹೋಲಿಸುವ ಸಾಫ್ಟ್‌ವೇರ್ ಕಟ್ಟುವವರಿಗೆ ಹೊಸಪೇಟೆಯಿಂದ ನಾಲ್ಕು ಕಿವಿಮಾತು

ಹೊಸಪೇಟೆ, ಕಂಪ್ಲಿ, ಸಂಡೂರಿನ ಯಾವ ಹಳೇ ಫೋಟೊ ಸ್ಟುಡಿಯೊಗೆ ಹೋದರೂ ಒಂದು ಬೀರುವಿನ ತುಂಬ ಸಿಡಿ, ಡಿವಿಡಿ ಇರುತ್ತವೆ. ಮದುವೆ, ಜವಳ, ಗೃಹಪ್ರವೇಶ, ಹಂಪಿಯ ತೇರು, ಉತ್ಸವ, ಶಾಲೆಯ ವಾರ್ಷಿಕೋತ್ಸವ ಎಲ್ಲ ಅದರಲ್ಲೇ. ಈಗಿನ ಲ್ಯಾಪ್‌ಟಾಪ್‌ಗಳಿಗೆ ಡಿಸ್ಕ್ ಹಾಕುವ ಬಾಯೇ ಇಲ್ಲ. ಹಾಗಾಗಿ ಎಲ್ಲರಿಗೂ ಹಾರ್ಡ್‌ಡಿಸ್ಕಿಗೆ ಇಳಿಸಿ ಬೀರು ಖಾಲಿ ಮಾಡುವ ಅವಸರ. ಇಳಿಸಿದ್ದು ಪೂರ್ತಿ ಇಳಿದಿದೆಯೇ ಎಂದು ತಿಳಿಯಲು, ಡಿಸ್ಕಿನ ಒಳಗಿರುವುದನ್ನು ತೋರಿಸಿ ಎರಡು ಕಡೆಯದನ್ನೂ ಹೋಲಿಸುವ ಸಾಫ್ಟ್‌ವೇರ್ ಬೇಕಾಗುತ್ತದೆ. ವಿನ್‌ಮರ್ಜ್, ಮೆಲ್ಡ್, ಬಿಯಾಂಡ್ ಕಂಪೇರ್‌ನಂಥವು ಇವೆ, ಗಟ್ಟಿ ಸಾಮಾನುಗಳೇ. ಆದರೆ ಅವು ಹೆಚ್ಚಾಗಿ ಪ್ರೋಗ್ರಾಂ ಬರೆಯುವವರ ಮೇಜಿನ ಮೇಲೆ ಬೆಳೆದವು. ಬೀರುವಿನ ಮುಂದೆ ಕೂತವರ ಪಡಿಪಾಟಲು ಬೇರೆ. ಇಂಥದ್ದನ್ನು ಹೊಸದಾಗಿ ಬರೆಯಲು, ಇರುವುದನ್ನೇ ತಿದ್ದಲು ಹೊರಟ ನಮ್ಮ ಕಡೆಯ ಹುಡುಗ ಹುಡುಗಿಯರಿಗಾಗಿ ಈ ಮಾತು. ಕೋಡ್ ಬರೆಯುವ ವಿದ್ಯೆ ನನ್ನದಲ್ಲ. ಡಿಸ್ಕ್ ರೈಟ್ ಮಾಡಿ, ಇಳಿಸಿ, ಹೋಲಿಸಿ ತಲೆ ನೆರೆತದ್ದು ಮಾತ್ರ ನಿಜ.

• ಮೊದಲು ಇದನ್ನು ತಿಳಕೊಳ್ಳಿ. ನಿಮ್ಮ ಸಾಫ್ಟ್‌ವೇರಿನ ಉತ್ತರ ನೋಡಿಕೊಂಡು ಜನ ಮಾಡುವ ಮುಂದಿನ ಕೆಲಸ ಎಸೆಯುವುದು. ಹಸಿರು ಗುರುತು ಬಂತೋ, ಡಿಸ್ಕ್ ಗುಜರಿಗೆ ಹೋಯಿತು. ಹಾಗಾಗಿ ಪರದೆಯ ಮೇಲೆ ಎರಡು ಉತ್ತರ ಸಾಲದು, ಮೂರು ಬೇಕು: ಒಂದೇ ಇದೆ, ಬೇರೆ ಇದೆ, ಓದಲಾಗಲಿಲ್ಲ. ಈ ಮೂರನೆಯದನ್ನು ತೋರಿಸಲು ಸಾಫ್ಟ್‌ವೇರ್ ಬರೆಯುವವರಿಗೆ ಅದೇಕೋ ನಾಚಿಕೆ. ಅದನ್ನು ಎರಡನೆಯದರೊಳಗೆ ತುರುಕುತ್ತಾರೆ. ಇನ್ನೂ ಕೆಲವರು ಹೆಸರು ಹೊಂದಿತು, ಗಾತ್ರ ಹೊಂದಿತು ಎಂದು ಮೊದಲನೆಯದರಲ್ಲೇ ಸೇರಿಸಿಬಿಡುತ್ತಾರೆ. ಅದು ಎಲ್ಲಕ್ಕಿಂತ ಕೆಟ್ಟದ್ದು. ಮೂರನೇ ಉತ್ತರ ಇಲ್ಲದ ಸಾಫ್ಟ್‌ವೇರ್ ನೋಡಲು ಎಷ್ಟೇ ಚೆಂದ ಇರಲಿ, ನಾನಂತೂ ನಂಬುವುದಿಲ್ಲ. ಮುಂದೆ ಹೇಳುವುದೆಲ್ಲ ಇದೇ ಮಾತಿನ ಬೇರೆ ಬೇರೆ ಮುಖ.

• ಹೆಸರು ನಂಬಬೇಡಿ. ಹಾಜರಿ ಕೂಗಿದಾಗ ‘ಎಸ್ ಸಾರ್’ ಅಂದವನೆಲ್ಲ ಆ ಹುಡುಗನೇ ಆಗಿರಬೇಕಿಲ್ಲವಷ್ಟೆ. ಡಿವಿಡಿಯ ವಿಷಯದಲ್ಲಿ ಇದು ನೂರಕ್ಕೆ ನೂರು ನಿಜ. ಟಿವಿಯಲ್ಲಿ ಓಡುವ ಯಾವ ಡಿವಿಡಿಯನ್ನಾದರೂ ತೆರೆದು ನೋಡಿ: ಒಳಗೆ ‘ವಿಡಿಯೊ_ಟಿಎಸ್’ ಎಂಬ ಫೋಲ್ಡರ್, ಅದರಲ್ಲಿ ‘ವಿಟಿಎಸ್_01_1.ವಿಒಬಿ’, ‘ವಿಟಿಎಸ್_01_2.ವಿಒಬಿ’ ಹೀಗೆ ಸಾಲಾಗಿ. ಕಂಪ್ಲಿಯ ಮದುವೆಗೂ ಅದೇ ಹೆಸರು, ಸಂಡೂರಿನ ಮದುವೆಗೂ ಅದೇ ಹೆಸರು. ಅದು ಡಿವಿಡಿಯ ಕಟ್ಟಳೆ, ನಾವು ಬದಲಿಸುವಂತಿಲ್ಲ. ಸರಿ, ಗಾತ್ರ ನೋಡೋಣ ಅಂದರೆ ಅಲ್ಲೂ ಗುಂಡಿ. ಒಂದೊಂದು ವಿಒಬಿ ಫೈಲು ಒಂದು ಗಿಗಾಬೈಟ್ ದಾಟಬಾರದು ಎಂಬ ನಿಯಮ ಇರುವುದರಿಂದ, ಉದ್ದದ ವಿಡಿಯೊವನ್ನು ತಯಾರಿಸುವ ಸಾಫ್ಟ್‌ವೇರ್ ಆ ಗೆರೆಯ ಅಂಚಿಗೇ ಕತ್ತರಿಸುತ್ತಾ ಹೋಗುತ್ತದೆ. ಎಷ್ಟೋ ಡಿಸ್ಕುಗಳಲ್ಲಿ ಮೊದಲ ಫೈಲಿನ ಗಾತ್ರ 1,07,37,39,776 ಬೈಟ್ ಎಂದೇ ಬರುತ್ತದೆ, ಒಂದು ಬೈಟೂ ಹೆಚ್ಚುಕಡಿಮೆ ಇಲ್ಲದೆ. ಎರಡು ಮನೆಯ ಎರಡು ಮದುವೆ, ಹೆಸರೂ ಒಂದು, ಗಾತ್ರವೂ ಒಂದು. ‘ಇದು ಆಗಲೇ ಇದೆ, ಬಿಡು’ ಎಂದು ನಿಮ್ಮ ಸಾಫ್ಟ್‌ವೇರ್ ಹೇಳಿದರೆ ಒಂದು ಮನೆಯ ಅಕ್ಷತೆ ಇನ್ನೊಂದು ಮನೆಯವರ ತಲೆಯ ಮೇಲೆ ಬೀಳುತ್ತದೆ. ಒಳಗಿನದನ್ನು ಕೊನೆಯ ಬೈಟಿನವರೆಗೆ ಓದಿ ಹೋಲಿಸದೆ ಹಸಿರು ಗುರುತು ಹಾಕಲೇಬೇಡಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

• ಕ್ಯಾಮೆರಾದ ಫೋಟೊಗಳದೂ ಇದೇ ಹಾಡು. ಫೈಲಿನ ಹೆಸರಿನ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರು. ಒಂದೇ ಸ್ಟುಡಿಯೊದಲ್ಲಿ ಎರಡು ಕ್ಯಾಮೆರಾ ಇದ್ದರಂತೂ ಕೇಳುವುದೇ ಬೇಡ.

• ಇದರ ತಿರುಗುಮುರುಗು ಒಂದಿದೆ. ಅದೇ ‘ವಿಡಿಯೊ_ಟಿಎಸ್’ ಫೋಲ್ಡರಿನಲ್ಲಿ ‘ಐಎಫ್‌ಒ’ ಎಂಬ ಪುಟ್ಟ ಫೈಲುಗಳಿರುತ್ತವೆ, ಅವುಗಳ ಪಕ್ಕದಲ್ಲೇ ‘ಬಿಯುಪಿ’ ಎಂಬುವು. ಒಳಗಿರುವುದು ಅಕ್ಷರಶಃ ಒಂದೇ. ಒಂದಕ್ಕೆ ಗೀರು ಬಿದ್ದರೆ ಇನ್ನೊಂದು ಉಳಿಯಲಿ ಎಂದು ಬೇಕೆಂದೇ ಇಟ್ಟ ಜೋಡಿ ಅದು. ‘ನಕಲು ಫೈಲು ಹುಡುಕಿ ಅಳಿಸು’ ಎಂಬ ಬಟನ್ ಒತ್ತಿದರೆ ಮೊದಲು ಬಲಿಯಾಗುವುದು ಇವೇ. ನಕಲು ಎಂದು ತೋರಿಸಿ, ಬೇಡ ಅನ್ನುವುದಿಲ್ಲ. ಜೊತೆಗೆ ‘ಇದು ಇರಬೇಕಾದ ನಕಲು’ ಎಂದೂ ತೋರಿಸಿ.

• ಈಗ ನಮ್ಮ ಊರಿನ ಹೆಸರಿನ ತಕರಾರಿಗೆ ಬರೋಣ. ಇದನ್ನು ಹೊರಗಿನವರು ಯಾರೂ ಬಂದು ಸರಿಮಾಡುವುದಿಲ್ಲ, ನೀವೇ ಮಾಡಬೇಕು. ಕನ್ನಡದಲ್ಲಿ ‘ಹೊಸಪೇಟೆ’ ಎಂದು ಹೆಸರಿಟ್ಟ ಫೋಲ್ಡರು ಕಣ್ಣಿಗೆ 4 ಅಕ್ಷರ. ವಿಂಡೋಸ್‌ನಲ್ಲಿ ಟೈಪ್ ಮಾಡಿದರೆ ಸಾಮಾನ್ಯವಾಗಿ ಒಳಗೆ 7 ಯೂನಿಕೋಡ್ ಸಂಕೇತ. ಅದೇ ಫೋಲ್ಡರನ್ನು ಹಳೇ ಮ್ಯಾಕ್ ಹಾರ್ಡ್‌ಡಿಸ್ಕಿಗೆ ಹಾಕಿದರೆ 9 ಆಗುತ್ತದೆ. ಹೇಗೆ ಅಂದರೆ, ‘ಹೊ’ದ ಒತ್ವವನ್ನು ಎತ್ವ ಮತ್ತು ಊತ್ವ ಎಂದೂ, ‘ಪೇ’ಯ ಏತ್ವವನ್ನು ಎತ್ವ ಮತ್ತು ದೀರ್ಘದ ಚಿಹ್ನೆ ಎಂದೂ ಬಿಡಿಸಿಡುವುದು ಎಚ್‌ಎಫ್‌ಎಸ್ ಪ್ಲಸ್ ಎಂಬ ಆ ಫೈಲ್ ವ್ಯವಸ್ಥೆಯ ಪದ್ಧತಿ. ಯೂನಿಕೋಡ್ ಪ್ರಕಾರ ಎರಡೂ ಸರಿ, ಎರಡೂ ಒಂದೇ. ಕಣ್ಣಿಗೂ ಒಂದೇ. ಆದರೆ ಸಂಕೇತಗಳನ್ನು ಒಂದಕ್ಕೊಂದು ತಾಳೆ ಹಾಕಿ ನೋಡುವ ಸಾಫ್ಟ್‌ವೇರಿಗೆ ಎರಡು ಬೇರೆ ಊರು. ಎಡಗಡೆ ಒಂದು ಹೊಸಪೇಟೆ, ಬಲಗಡೆ ಇನ್ನೊಂದು ಹೊಸಪೇಟೆ, ಎರಡರ ಎದುರಿಗೂ ‘ಆ ಕಡೆ ಇಲ್ಲ’ ಎಂದು ಕೆಂಪು ಗುರುತು!

ತಮಾಷೆ ಅಂದರೆ ಹಂಪಿ, ಸಂಡೂರು, ಕಂಪ್ಲಿ ಈ ಮೂರಕ್ಕೂ ಈ ಕಾಯಿಲೆ ತಗಲುವುದಿಲ್ಲ. ಆ ಹೆಸರುಗಳಲ್ಲಿ ಬಿಡಿಸಬಹುದಾದ ಸ್ವರಚಿಹ್ನೆಯೇ ಇಲ್ಲ. ಸಂಡೂರಿನ ಊತ್ವಕ್ಕೂ ಒಂದೇ ಸಂಕೇತ. ನಾಲ್ಕು ಊರಿನಲ್ಲಿ ಮೂರು ಸರಿಯಾಗಿ ಕಂಡು ಒಂದು ಮಾತ್ರ ಕೆಟ್ಟರೆ ಜನ ಸಾಫ್ಟ್‌ವೇರನ್ನು ಬೈಯುವುದಿಲ್ಲ, ‘ಹೊಸಪೇಟೆ ಡಿಸ್ಕೇ ಸರಿಯಿಲ್ಲ’ ಅನ್ನುತ್ತಾರೆ. ಈ, ಏ, ಐ, ಒ, ಓ ಚಿಹ್ನೆ ಇರುವ ಹೆಸರುಗಳಿಗೆಲ್ಲ ಈ ಭಾಗ್ಯ ಇದ್ದದ್ದೇ. ಪರಿಹಾರ ಸುಲಭ: ಹೋಲಿಸುವ ಹೊತ್ತಿಗೆ ಎರಡು ಕಡೆಯ ಹೆಸರನ್ನೂ ಯೂನಿಕೋಡಿನ ಒಂದೇ ರೂಪಕ್ಕೆ ತಂದುಕೊಂಡು ನೋಡಿ. ಆದರೆ ಡಿಸ್ಕಿನಲ್ಲಿರುವ ಹೆಸರನ್ನು ಮುಟ್ಟಬೇಡಿ, ಸಾಫ್ಟ್‌ವೇರಿನ ಮನಸ್ಸಿನಲ್ಲಿ ಮಾತ್ರ ತಂದುಕೊಳ್ಳಿ. ಪರೀಕ್ಷೆಗೆ ‘ಹೊಸಪೇಟೆ’ ಎಂಬ ಫೋಲ್ಡರಿಗಿಂತ ಒಳ್ಳೆಯದು ಬೇಕಿಲ್ಲ.

• ಕಣ್ಣಿಗೆ ಕಾಣದ ಅಕ್ಷರಗಳೂ ಇವೆ. ಅರ್ಧಾಕ್ಷರ ನಿಲ್ಲಿಸಲು ಕೆಲವು ಕೀಲಿಮಣೆಗಳು ಒಂದು ಅಗೋಚರ ಸಂಕೇತ ಸೇರಿಸುತ್ತವೆ. ‘ಆಲ್ಬಮ್’ ಎಂಬ ಹೆಸರಿನ ಕೊನೆಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ನೋಡಲು ಒಂದೇ ಥರ. ಇಂಥ ಕಡೆ ‘ಹೆಸರು ಕಾಣಲು ಒಂದೇ, ಸಂಕೇತ ಬೇರೆ’ ಎಂದು ಒಂದು ಸಾಲು ತೋರಿಸಿದರೆ ಜನ ಕನ್ನಡಕ ಒರೆಸಿಕೊಳ್ಳುತ್ತಾ ಕೂರುವುದು ತಪ್ಪುತ್ತದೆ. ಹಾಗೆಯೇ ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಮುಯ್ಯಿ ಪಟ್ಟಿಯೂ, ಅದನ್ನೇ ಯೂನಿಕೋಡಿಗೆ ತಂದ ಪಟ್ಟಿಯೂ ಬೈಟ್ ಲೆಕ್ಕದಲ್ಲಿ ಬೇರೆ ಬೇರೆ. ಅಲ್ಲಿ ‘ಬೇರೆ ಇದೆ’ ಅನ್ನುವುದೇ ಸರಿ. ಬುದ್ಧಿವಂತಿಕೆ ತೋರಿಸಲು ಹೋಗಬೇಡಿ.

• ಊರಿನ ಹೆಸರೇ ಬದಲಾದ ಕಥೆ ಇನ್ನೊಂದು. ಸರ್ಕಾರ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ಹಾಸ್ಪೆಟ್ ಅನ್ನುವುದನ್ನು ಹೊಸಪೇಟೆ ಎಂದೂ ಬೆಲ್ಲಾರಿ ಅನ್ನುವುದನ್ನು ಬಳ್ಳಾರಿ ಎಂದೂ ಮಾಡಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆ, ಹಂಪಿ ಈ ಕಡೆ ಬಂದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿ ಅದಕ್ಕೂ ಮೊದಲು ಹೊಸಪೇಟೆ ತಾಲ್ಲೂಕಿನಲ್ಲಿತ್ತು. ಹೀಗಾಗಿ ಬೀರುವಿನ ಡಿಸ್ಕಿನಲ್ಲಿ ‘ಬೆಲ್ಲಾರಿ’ ಫೋಲ್ಡರಿನೊಳಗೆ ‘ಹಾಸ್ಪೆಟ್’, ಅದರೊಳಗೆ ‘ಕಂಪ್ಲಿ’. ಹಾರ್ಡ್‌ಡಿಸ್ಕಿನಲ್ಲಿ ಮೊಮ್ಮಗ ನೀಟಾಗಿ ಜೋಡಿಸಿಟ್ಟ ‘ಬಳ್ಳಾರಿ’ಯೊಳಗೆ ‘ಕಂಪ್ಲಿ’. ದಾರಿ ನೋಡಿ ಹೋಲಿಸುವ ಸಾಫ್ಟ್‌ವೇರಿಗೆ ಏನೂ ಹೊಂದುವುದಿಲ್ಲ. ‘ಈ ಫೋಲ್ಡರೂ ಆ ಫೋಲ್ಡರೂ ಒಂದೇ ಎಂದು ತಿಳಿ’ ಅನ್ನುವ ಅಧಿಕಾರ ಬಳಸುವವನ ಕೈಗೆ ಕೊಡಿ. ಅದಕ್ಕಿಂತ ಮೇಲು, ದಾರಿ ಬಿಟ್ಟು ಒಳಗಿನ ಫೈಲಿನ ಗುರುತಿನಿಂದ ‘ಇದು ಇಂಥ ಕಡೆ ಹೋಗಿ ಕೂತಿದೆ’ ಎಂದು ಹುಡುಕಿ ಹೇಳುವ ವ್ಯವಸ್ಥೆ.

• ತಾರೀಕು, ವೇಳೆ ನೋಡಿ ತೀರ್ಪು ಕೊಡಬೇಡಿ. ಪೆನ್‌ಡ್ರೈವಿನ ಹಳೇ ಫ್ಯಾಟ್ ವ್ಯವಸ್ಥೆ ಸೆಕೆಂಡನ್ನು ಎರಡೆರಡಾಗಿ ಮಾತ್ರ ಎಣಿಸುತ್ತದೆ, ಹಾಗಾಗಿ ಒಂದು ಸೆಕೆಂಡಿನ ವ್ಯತ್ಯಾಸ ವ್ಯತ್ಯಾಸವೇ ಅಲ್ಲ. ಸಿಡಿಯಲ್ಲಿ ಇನ್ನೊಂದು ಪೇಚು. ಗ್ರೀನಿಚ್ ವೇಳೆಗಿಂತ ಎಷ್ಟು ಮುಂದೆ ಎಂಬುದನ್ನು ಅಲ್ಲಿ ಕಾಲು ಗಂಟೆಯ ಲೆಕ್ಕದಲ್ಲಿ ಬರೆದಿಡಬೇಕು. ನಮ್ಮ ಐದೂವರೆ ಗಂಟೆಗೆ 22 ಎಂದು. ಡಿಸ್ಕ್ ರೈಟ್ ಮಾಡಿದ ಪ್ರೋಗ್ರಾಂ ಅಲ್ಲಿ ಸೊನ್ನೆ ಬರೆದು ಕೈತೊಳೆದುಕೊಂಡಿದ್ದರೆ ಪ್ರತಿ ಫೈಲಿನಲ್ಲೂ 5 ಗಂಟೆ 30 ನಿಮಿಷದ ತೇಡಾ ಕಾಣುತ್ತದೆ. ಎಲ್ಲ ಫೈಲಿಗೂ ಒಂದೇ ಸಮನೆ ಐದೂವರೆ ಗಂಟೆ ಬಂದರೆ ನಿಮ್ಮ ಸಾಫ್ಟ್‌ವೇರಿಗೆ ತಾನಾಗಿ ಹೊಳೆಯಬೇಕು.

• ಗಾತ್ರವನ್ನು ಬೈಟಿನಲ್ಲೂ ತೋರಿಸಿ. ಡಬ್ಬಿಯ ಮೇಲೆ 4.7 ಜಿಬಿ ಎಂದಿರುವ ಡಿವಿಡಿ ಕಂಪ್ಯೂಟರಿನಲ್ಲಿ 4.38 ಎಂದು ಕಾಣುತ್ತದೆ. ಒಂದು ಕಡೆ ಸಾವಿರದ ಲೆಕ್ಕ, ಇನ್ನೊಂದು ಕಡೆ 1024ರ ಲೆಕ್ಕ, ಅಷ್ಟೇ. ‘ಮುಕ್ಕಾಲು ತಾಸಿನ ಮದುವೆ ಎಲ್ಲಿ ಹೋಯ್ತು’ ಎಂದು ಜಗಳಕ್ಕೆ ಬಂದವರನ್ನು ಕಂಡಿದ್ದೇನೆ.

• ಗೀರು ಬಿದ್ದ ಡಿಸ್ಕ್. ನಿಮ್ಮ ಸಾಫ್ಟ್‌ವೇರ್ ಏನು ಅನ್ನುವುದು ಗೊತ್ತಾಗುವುದೇ ಇಲ್ಲಿ. ಸಿಡಿಯನ್ನು ಕೆಳಗಿನ ಹೊಳೆಯುವ ಮುಖದಿಂದ ಓದುತ್ತಾರೆ ನಿಜ, ಆದರೆ ಮಾಹಿತಿ ಇರುವ ಪದರ ಮೇಲಿನ ಲೇಬಲ್ಲಿನ ಕೆಳಗೇ ತೆಳ್ಳಗೆ ಕೂತಿರುತ್ತದೆ. ಬಾಲ್‌ಪೆನ್ನಿನಲ್ಲಿ ಒತ್ತಿ ‘ಶುಭವಿವಾಹ’ ಎಂದು ಬರೆದದ್ದೇ ಸಾಕು, ಮುಹೂರ್ತವೇ ಹೋಗಿರುತ್ತದೆ. ಡಿವಿಡಿಯಲ್ಲಿ ಆ ಪದರ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಇರುವುದರಿಂದ ಮೇಲಿನ ಬರವಣಿಗೆಗೆ ಕೊಂಚ ಭದ್ರ, ಕೆಳಗಿನ ಗೀರಿಗೆ ಅದೂ ಸೋಲುತ್ತದೆ. ಜೊತೆಗೆ ಆಲ್ಬಮ್ಮಿನ ಚೀಲದಲ್ಲಿಟ್ಟ ಅರಿಸಿನ ಕುಂಕುಮ ಡಿಸ್ಕಿಗೆ ಮೆತ್ತಿರುತ್ತದೆ. ಸಂಡೂರಿನದಾದರೆ ಅದಿರಿನ ಕೆಂಪು ಧೂಳು ಬೇರೆ.

ಇಂಥ ಡಿಸ್ಕನ್ನು ವಿಂಡೋಸ್ ಕಾಪಿ ಮಾಡುವಾಗ ಕೆಟ್ಟ ಜಾಗ ಸಿಕ್ಕ ಕೂಡಲೇ ಇಡೀ ಫೈಲನ್ನೇ ಕೈಬಿಡುತ್ತದೆ. ಒಂದು ಗಿಗಾಬೈಟಿನಲ್ಲಿ ಹತ್ತು ಸೆಕೆಂಡಿನ ದೃಶ್ಯ ಕೆಟ್ಟಿದೆ ಎಂದು ಮಿಕ್ಕ ಅರ್ಧ ಗಂಟೆಯನ್ನೂ ಬಿಡುವುದು ಯಾವ ನ್ಯಾಯ? ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಂ ಹೇಗೆ ಮಾಡುತ್ತದೆ ನೋಡಿ ಕಲಿಯಿರಿ. ಮೊದಲು ಸಲೀಸಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಎಲ್ಲಿ ಸಿಕ್ಕಿಬಿತ್ತು ಎಂಬುದನ್ನು ಒಂದು ನಕ್ಷೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ, ಆಮೇಲೆ ಆ ಜಾಗಕ್ಕೆ ಮಾತ್ರ ಮತ್ತೆ ಮತ್ತೆ ಹೋಗುತ್ತದೆ. ಅರ್ಧಕ್ಕೆ ಕರೆಂಟು ಹೋದರೂ ನಕ್ಷೆ ಇರುವುದರಿಂದ ನಿಂತಲ್ಲಿಂದ ಮುಂದುವರಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಕರೆಂಟಿನ ಪಾಡು ಗೊತ್ತಲ್ಲ, ಮೊದಲಿನಿಂದ ಶುರುಮಾಡಿಸುವ ಸಾಫ್ಟ್‌ವೇರನ್ನು ಎರಡನೇ ದಿನ ಯಾರೂ ತೆರೆಯುವುದಿಲ್ಲ. ಒಂದೇ ಮದುವೆಯ ಎರಡು ಡಿಸ್ಕ್ ಇದ್ದು, ಒಂದಕ್ಕೆ ಇಲ್ಲಿ ಗೀರು, ಇನ್ನೊಂದಕ್ಕೆ ಅಲ್ಲಿ ಗೀರು ಇದ್ದರೆ ಎರಡನ್ನೂ ಕೂಡಿಸಿ ಒಂದು ಪೂರ್ತಿ ಡಿಸ್ಕ್ ಕಟ್ಟಬಹುದು. ಹೋಲಿಸುವ ಸಾಫ್ಟ್‌ವೇರಿಗೆ ಇದಕ್ಕಿಂತ ದೊಡ್ಡ ಪುಣ್ಯದ ಕೆಲಸ ಬೇರೊಂದಿಲ್ಲ. ಬೀಗರ ಮನೆಯಲ್ಲಿ ಇನ್ನೊಂದು ಪ್ರತಿ ಇದ್ದೇ ಇರುತ್ತದೆ.

• ಕಾಪಿ ಮುಗಿದ ಕ್ಷಣವೇ ಹೋಲಿಸಿದರೆ ಮೋಸ. ಈಗಷ್ಟೇ ಬರೆದದ್ದು ಕಂಪ್ಯೂಟರಿನ ಮೆಮೊರಿಯಲ್ಲೇ ಇರುತ್ತದೆ, ಪೆನ್‌ಡ್ರೈವನ್ನು ಓದಿದಂತೆ ಮಾಡಿ ಸಾಫ್ಟ್‌ವೇರ್ ಆ ಮೆಮೊರಿಯಲ್ಲಿರುವುದನ್ನೇ ಓದಿ ಸರಿ ಅನ್ನುತ್ತದೆ. ‘ಒಮ್ಮೆ ಕಿತ್ತು ಮತ್ತೆ ಹಾಕಿ, ಆಮೇಲೆ ಹೋಲಿಸೋಣ’ ಎಂದು ನಿಮ್ಮ ಸಾಫ್ಟ್‌ವೇರ್ ಗಟ್ಟಿಯಾಗಿ ಹೇಳಲಿ.

• ಸಿಡಿಗೆ ಹಲವು ಕಂತಿನಲ್ಲಿ ಬರೆಯಬಹುದಿತ್ತು, ಮರೆಯಬೇಡಿ. ಕೊನೆಯ ಕಂತು ಬರೆದವನು ಹಿಂದಿನದನ್ನು ಸೇರಿಸಿಕೊಳ್ಳದಿದ್ದರೆ ಡಿಸ್ಕ್ ತೆರೆದಾಗ ಕೊನೆಯದು ಮಾತ್ರ ಕಾಣುತ್ತದೆ, ಹಿಂದಿನದು ಒಳಗೇ ಕೂತಿರುತ್ತದೆ. ಎಲ್ಲ ಕಂತನ್ನೂ ತೋರಿಸಿ.

• ಫೋಟೊ ಹೋಲಿಕೆಯ ಪರದೆ ಮಾಡುವ ಮುಂಚೆ ಹಂಪಿಯ ಒಂದು ಪುಸ್ತಕ ನೋಡಿ ಬನ್ನಿ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಕಾಗದದ ನೆಗೆಟಿವ್ ಬಳಸಿ ಹಂಪಿಯ ಚಿತ್ರ ತೆಗೆದ. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ ನಿಂತು ಅದೇ ನೋಟಗಳನ್ನು ಮತ್ತೆ ತೆಗೆದರು. ಜಾರ್ಜ್ ಮಿಚೆಲ್ ಸಂಪಾದಿಸಿದ ಪುಸ್ತಕದಲ್ಲಿ ಎರಡೂ ಕೂಡಿ ಬಂದಿವೆ. ನಿಂತ ಜಾಗ ಒಂದೇ ಆದದ್ದರಿಂದಲೇ ಬಿದ್ದ ಕಂಬ, ಕಾಣೆಯಾದ ಗಾರೆಯ ಶಿಖರ, ಬೆಳೆದ ಗಿಡ ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಪರದೆಯಲ್ಲೂ ಎಡದ ಚಿತ್ರವನ್ನು ಹಿಗ್ಗಿಸಿದರೆ ಬಲದ್ದು ತಾನೂ ಅಷ್ಟೇ ಹಿಗ್ಗಬೇಕು, ಸರಿಸಿದರೆ ಜೊತೆಗೇ ಸರಿಯಬೇಕು. ಒಂದನ್ನು ಇಷ್ಟು, ಇನ್ನೊಂದನ್ನು ಅಷ್ಟು ತೋರಿಸಿ ‘ನೀವೇ ನೋಡಿಕೊಳ್ಳಿ’ ಅನ್ನುವುದು ಹೋಲಿಕೆಯಲ್ಲ. ವಾಟ್ಸಾಪಿನಲ್ಲಿ ಬಂದ ಚಿತ್ರವೂ ಮೂಲ ಚಿತ್ರವೂ ಸಣ್ಣ ಕಿಟಕಿಯಲ್ಲಿ ಅವಳಿ ಥರ ಕಾಣುತ್ತವೆ. ಹಿಗ್ಗಿಸಿದರೆ ಸೀರೆಯ ಅಂಚಿನ ಜರಿಯಲ್ಲಿ ಬಣ್ಣ ಬಯಲಾಗುತ್ತದೆ. ಕ್ಯಾಮೆರಾ ಬರೆದಿಟ್ಟ ವಿವರಗಳೂ ವಾಟ್ಸಾಪ್ ಪ್ರತಿಯಲ್ಲಿ ಉಳಿದಿರುವುದಿಲ್ಲ. ಉಳಿಸಬೇಕಾದದ್ದು ಯಾವುದು ಎಂದು ಅದರಿಂದಲೇ ಹೇಳಬಹುದು.

• ‘ಬಹುಪಾಲು ಹೋಲುತ್ತದೆ, ಒಂದನ್ನು ಅಳಿಸಲೇ?’ ಎಂದು ಕೇಳುವ ಚಾಳಿ ಬಿಡಿಸಿ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಶಾಲೆಯ ಮೆಟ್ಟಿಲು ಹತ್ತದೆ, ನೆನಪಿನಿಂದಲೇ ಬುರ್ರಕಥೆಯ ದೊಡ್ಡ ದೊಡ್ಡ ಕಾವ್ಯಗಳನ್ನು ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅಂಥ ಕಲಾವಿದರು ಒಂದೇ ಕಥೆಯನ್ನು ಎರಡು ರಾತ್ರಿ ಹಾಡಿದರೆ ಅದು ಎರಡು ಹಾಡು. ಒಂದು ರಾತ್ರಿ ಸೇರಿಸಿದ್ದು ಇನ್ನೊಂದು ರಾತ್ರಿ ಇರುವುದಿಲ್ಲ. ಫೈಲಿನ ಹೆಸರು ಒಂದೇ, ಉದ್ದವೂ ಹೆಚ್ಚುಕಡಿಮೆ ಒಂದೇ ಇದ್ದೀತು. ಜನಪದದ ಧ್ವನಿ ಇರುವ ಡಿಸ್ಕುಗಳಲ್ಲಿ ಬೈಟು ಬೈಟೂ ಹೊಂದದ ಹೊರತು ಎರಡನ್ನೂ ಇಡಿ. ಜಾಗ ಸಾಲದಿದ್ದರೆ ಸಿನಿಮಾ ಅಳಿಸಿ.

• ಪಟ್ಟಿ ಉಳಿಯಬೇಕು. ಡಿಸ್ಕನ್ನು ಒಮ್ಮೆ ಓದಿದ ಮೇಲೆ ಅದರೊಳಗೇನಿದೆ ಎಂಬುದು ಡಿಸ್ಕ್ ಹಾಕದೆಯೂ ಕಾಣಬೇಕು, ಯಾವ ಬೀರು, ಯಾವ ಅರೆ ಎಂಬ ಟಿಪ್ಪಣಿಯ ಸಮೇತ. ಪಟ್ಟಿಯಲ್ಲಿ ಪ್ರತಿ ಫೈಲಿನ ಹ್ಯಾಶ್ ಬರೆದಿಡಿ. ಫೈಲಿನ ಒಳಗಿನದನ್ನೆಲ್ಲ ಗುಣಿಸಿ ತೆಗೆದ ಬೆರಳಚ್ಚು ಅದು. ಒಂದು ಬೈಟ್ ಬದಲಾದರೂ ಅಚ್ಚು ಬದಲು. ಮದುವೆಯ ಮಟ್ಟಿಗೆ ಹಳೇ ಎಂಡಿ5 ನಡೆಯುತ್ತದೆ, ಆದರೂ ಶಾ-256 ಹಾಕಿ. ಕಾರಣ ಇದೆ. ನಮ್ಮ ಕಡೆ ಜಮೀನು, ಗಣಿ, ಒತ್ತುವರಿ ಎಂದು ವ್ಯಾಜ್ಯಕ್ಕೆ ಬರವಿಲ್ಲ. ವಿಡಿಯೊ ತೆಗೆದವನ ಬಾಗಿಲಿಗೆ ವಕೀಲರು ಬಂದೇ ಬರುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ವಿಡಿಯೊ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಬರೆಯುವ ಜಾಗವೇ ಇದೆ, ಯಾವ ವಿಧಾನದ್ದು ಎಂದೂ ಗುರುತು ಹಾಕಬೇಕು. ವರದಿಯನ್ನು ಒಂದು ಹಾಳೆಯಲ್ಲಿ ಮುದ್ರಿಸಲು ಬರುವಂತೆ ಮಾಡಿ. ಓದಲಾಗದ ಫೈಲುಗಳ ಪಟ್ಟಿ ಮೊದಲು, ಮಿಕ್ಕದ್ದು ಆಮೇಲೆ.

• ಎರಡನೇ ಪ್ರತಿ ಎಲ್ಲಿದೆ ಎಂದು ಕೇಳುವ ಒಂದು ಖಾನೆ ಇರಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ ಕೆಳಗಿನ ಹೊಳೆಸಾಲಿನ ಊರುಗಳೆಲ್ಲ ನಿದ್ದೆಗೆಟ್ಟವು. ನೀರು ಹೆಚ್ಚಿಗೆ ಬಿಟ್ಟಾಗಲೆಲ್ಲ ಕಂಪ್ಲಿಯ ಸೇತುವೆ ಮುಳುಗುವುದು ಎಲ್ಲರಿಗೂ ಗೊತ್ತು. ಡಿಸ್ಕೂ ಹಾರ್ಡ್‌ಡಿಸ್ಕೂ ಒಂದೇ ಮನೆಯ ಒಂದೇ ಅರೆಯಲ್ಲಿದ್ದರೆ ಅವೆರಡೂ ಹೊಂದುತ್ತವೆ ಎಂಬ ನಿಮ್ಮ ಹಸಿರು ಗುರುತಿನಿಂದ ಏನು ಬಂತು? ಕಂಪ್ಲಿಯದು ಸಂಡೂರಿನಲ್ಲೊಂದು, ಸಂಡೂರಿನದು ಹೊಸಪೇಟೆಯಲ್ಲೊಂದು ಇರಲಿ. ನೆಂಟರು ಇರುವುದೇ ಇದಕ್ಕೆ.

• ಬಟನ್ನುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೋಲಿಕೆಯ ಪರದೆಯಲ್ಲಿ ಡಿಲೀಟ್ ಬಟನ್ ಇಡಬೇಡಿ, ಬೇರೆ ಕಡೆ ಇಡಿ. ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಎಂದು ಬರೀ ಬಾಣ ತೋರಿಸುವ ಬದಲು ‘ಡಿಸ್ಕಿನಿಂದ ಹಾರ್ಡ್‌ಡಿಸ್ಕಿಗೆ’ ಎಂದು ಬರೆಯಿರಿ. ‘ತಂಬ್ಸ್.ಡಿಬಿ’, ‘ಡಿಎಸ್_ಸ್ಟೋರ್’ ಥರದ ಕಸವನ್ನು ವ್ಯತ್ಯಾಸದ ಪಟ್ಟಿಯಿಂದ ತಾನಾಗಿ ಮರೆಮಾಡಿ, ಎಷ್ಟು ಮರೆಮಾಡಿದ್ದೀರಿ ಎಂದು ಮೂಲೆಯಲ್ಲಿ ಹೇಳಿ. ಕೆಂಪು ಹಸಿರು ಬಣ್ಣ ಗುರುತಿಸಲಾಗದವರು ಇದ್ದಾರೆ, ಬಣ್ಣದ ಜೊತೆ ಅಕ್ಷರವೂ ಇರಲಿ. ಮೆನು ಕನ್ನಡದಲ್ಲಿರಲಿ, ಸ್ಟುಡಿಯೊದಲ್ಲಿ ಆಡುವ ಕನ್ನಡದಲ್ಲಿ. ಕಾಪಿ, ಫೋಲ್ಡರ್, ಡಿಸ್ಕ್ ಎಂದರೆ ಎಲ್ಲರಿಗೂ ತಿಳಿಯುತ್ತದೆ.

• ಬಿಡುಗಡೆಗೆ ಮುಂಚಿನ ಪರೀಕ್ಷೆಗೆ ಅಂಗಡಿಯಿಂದ ಹೊಸ ಡಿಸ್ಕ್ ತರಬೇಡಿ. ನಿಮ್ಮ ಮನೆಯಲ್ಲೇ ಅಕ್ಕನದೋ ಅತ್ತೆಯದೋ ಮದುವೆಯ ಡಿಸ್ಕ್ ಇರುತ್ತದೆ, ಟಿವಿಯ ಕೆಳಗಿನ ಖಾನೆಯಲ್ಲಿ, ಕವರ್ ಹರಿದದ್ದು. ಅದನ್ನು ಹಾಕಿ. ಎಲ್ಲಿ ಗೀರಿದೆಯೋ ಅಲ್ಲಿ ನಿಮ್ಮ ಸಾಫ್ಟ್‌ವೇರ್ ಪ್ರಾಮಾಣಿಕವಾಗಿ ‘ಓದಲಾಗಲಿಲ್ಲ’ ಎಂದು ತೋರಿಸಿದರೆ ಜನರ ಕೈಗೆ ಕೊಡಿ, ಇಲ್ಲವಾದರೆ ಇನ್ನೊಂದು ತಿಂಗಳು ಕೂತು ತಿದ್ದಿ. ಬಹಳ ತಡವನ್ನೂ ಮಾಡಬೇಡಿ, ಡಿಸ್ಕ್ ಓದುವ ಡ್ರೈವುಗಳೂ ಅಂಗಡಿಗಳಲ್ಲಿ ಅಪರೂಪವಾಗುತ್ತಿವೆ. ಕೆಲಸ ಮಾಡುವ ಡ್ರೈವು ನಿಮ್ಮ ಹತ್ತಿರ ಇದ್ದರೆ ಅದನ್ನು ಹಳೇ ಕಂಪ್ಯೂಟರಿನ ಜೊತೆ ಗುಜರಿಗೆ ಹಾಕದೆ ಬಿಚ್ಚಿ ಇಟ್ಟುಕೊಳ್ಳಿ.